ರಾಗಿ ಬಿಸ್ಕತ್ತಿನ ಮೇಲೆ ಚುಕ್ಕಿ ರಂಗೋಲಿ: ನನ್ನ ಐಸಿಂಗ್ ಅನುಭವ

ಐಸಿಂಗ್ ಕುಕೀಸ್, ಅಂದ್ರೆ ಸಕ್ಕರೆ ಐಸಿಂಗಲ್ಲಿ ಡಿಸೈನ್ ಬಿಡಿಸಿದ ಬಿಸ್ಕತ್ತು, ಮಾಡ್ತೀನಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, "ಅಷ್ಟು ಸಣ್ಣ ಗೆರೆ ಎಳೀವಾಗ ಕೈ ನಡುಗಲ್ವಾ?" ಅಂತ. ಕೈ ವಿಷಯ ಬಿಡಿ ಕಣ್ರಿ. ನಮ್ಮ ತುಮಕೂರಲ್ಲಿ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋ ಹೆಂಗಸರಿಗೆ ಕೈ ಆಗ್ಲೇ ಪಳಗಿರುತ್ತೆ, ಮದುವೆ ಮನೇಲಿ ಮೆಹೆಂದಿ ಕೋನ್ ಹಿಡಿದು ಅಭ್ಯಾಸ ಇದ್ರಂತೂ ಕೇಳೋದೇ ಬೇಡ. ಆಟ ಎಲ್ಲ ಇರೋದು ನೀರಲ್ಲಿ. ಐಸಿಂಗ್‌ಗೆ ಅರ್ಧ ಚಮಚ ನೀರು ಜಾಸ್ತಿ ಆದ್ರೆ ಎಳೆದ ಗೆರೆ ಹರಡಿ ಪಕ್ಕದ ಗೆರೆಗೆ ಅಂಟ್ಕೊಳ್ಳುತ್ತೆ, ಅರ್ಧ ಚಮಚ ಕಮ್ಮಿ ಆದ್ರೆ ತುಂಡು ತುಂಡಾಗಿ ಬೀಳುತ್ತೆ, ಆಗ ಎಂಥಾ ಕೈ ಇದ್ರೂ ಅಷ್ಟೇ.

ಇದಕ್ಕೆ ಬಳಸೋದು ರಾಯಲ್ ಐಸಿಂಗ್, ಕೇಕ್ ಮೇಲೆ ಹಾಕೋ ಬೆಣ್ಣೆ ಕ್ರೀಮ್ ಅಲ್ಲ. ಮೊಟ್ಟೆ ಬಿಳಿ, ಐಸಿಂಗ್ ಶುಗರ್ ಸೇರಿಸಿ ಬೀಟ್ ಮಾಡಿದ್ರೆ ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತಲ್ಲ, ಅದು. ಹಸಿ ಮೊಟ್ಟೆ ಅಂದ್ರೆ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯ ಇದ್ದೇ ಇದೆ, ಅದಕ್ಕೆ ಬಹಳ ಜನ ಒಣಗಿಸಿದ ಮೊಟ್ಟೆ ಬಿಳಿಯಿಂದ ಮಾಡಿದ ಮೆರಾಂಗ್ ಪೌಡರ್ ಹಾಕ್ತಾರೆ, 500 ಗ್ರಾಂ ಐಸಿಂಗ್ ಶುಗರ್‌ಗೆ 3 ಟೇಬಲ್ ಚಮಚ ಪೌಡರ್, ಸುಮಾರು 80 ಎಂಎಲ್ ನೀರು. ಆದ್ರೆ ನನಗೆ ಬರೋ ಆರ್ಡರ್ ಮುಕ್ಕಾಲು ಪಾಲು ನಾಮಕರಣ, ಸೀಮಂತ, ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ, ಅಲ್ಲಿ ಮೆರಾಂಗ್ ಪೌಡರಲ್ಲೂ ಮೊಟ್ಟೆ ಇದೆ ಅಂತ ಗೊತ್ತಾದ್ರೆ ತಟ್ಟೆ ಹಾಗೇ ವಾಪಸ್ ಬರುತ್ತೆ. ಹಾಗಾಗಿ ನಾನು ಕಾಬೂಲ್ ಕಡಲೆ ಬೇಯಿಸಿದ ನೀರಲ್ಲಿ ಮಾಡ್ತೀನಿ. ಉಪ್ಪು ಹಾಕದೆ ಕಡಲೆ ಬೇಯಿಸಿ, ನೀರು ಸೋಸಿ, ಮೊಟ್ಟೆ ಬಿಳಿಯಷ್ಟು ಲೋಳೆ ಬರೋವರೆಗೂ ಸಣ್ಣ ಉರೀಲಿ ಬತ್ತಿಸಿ, ಆರಿಸಿ, ಆಮೇಲೆ ಸಕ್ಕರೆ, ನಾಲ್ಕು ಹನಿ ನಿಂಬೆರಸ. ಕಡಲೆ ವಾಸನೆ ಬರಲ್ವಾ ಅಂತ ಕೇಳ್ತಾರೆ, ಒಣಗಿದ ಮೇಲೆ ಬರಲ್ಲ. ಒಣಗೋದು ಮಾತ್ರ ಸ್ವಲ್ಪ ನಿಧಾನ. ಕಡಲೆ ಆ ದಿನ ಮನೇಲಿ ಉಸಲಿ ಆಗುತ್ತೆ, ನಮ್ಮ ಮನೆಯವರಿಗೆ ಅದು ಸಾಕಾಗಿ ಹೋಗಿದೆ, ಅದು ಬೇರೆ ಕಥೆ.

ಪಾತ್ರೆ ಮೇಲೆ ಜಿಡ್ಡಿನ ಅಂಶ ಇರಬಾರದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಣ್ಣೆ ಎಷ್ಟು ತೊಳೆದ್ರೂ ಹೋಗಲ್ಲ, ಸ್ಟೀಲ್ ಅಥವಾ ಗಾಜಿನ ಬಟ್ಟಲು ತಗೊಂಡು ನಿಂಬೆ ಹೋಳಲ್ಲಿ ಒಂದ್ಸಲ ಉಜ್ಜಿಬಿಡಿ. ಬೀಟರ್ ಸ್ಪೀಡ್ ಕಮ್ಮಿ ಇರಲಿ, ಜೋರಾಗಿ ಬೀಟ್ ಮಾಡಿದ್ರೆ ಗಾಳಿ ತುಂಬಿ ಗುಳ್ಳೆ ಗುಳ್ಳೆ ಆಗುತ್ತೆ, ಸಣ್ಣ ಗೆರೆ ಎಳೀವಾಗ ಒಂದು ಗುಳ್ಳೆ ಒಡೆದ್ರೆ ಅಲ್ಲೇ ಗೆರೆ ಕಟ್. ಐಸಿಂಗ್ ಶುಗರನ್ನ ತೆಳು ಮಲ್ ಬಟ್ಟೇಲಿ ಜರಡಿ ಹಿಡೀಲೇಬೇಕು, ಒಂದೇ ಒಂದು ಹರಳು ಇದ್ರೂ ಕೋನ್ ತುದಿಗೆ ಹಾಕೋ ಸಣ್ಣ ತೂತಿನ ನಂಬರ್ 1 ನಾಜಲ್ ಬಾಯಿಗೆ ಸಿಕ್ಕಾಕೊಂಡು ಕೂರುತ್ತೆ, ಆಮೇಲೆ ಸೂಜಿ ಹಾಕಿ ಕೆದಕ್ತಾ ಇರೋದೇ ಕೆಲಸ.

ಈಗ ಹದ. ಒಂದೇ ಬಟ್ಟಲ ಐಸಿಂಗನ್ನ ನಾನು ಎರಡು ಹದಕ್ಕೆ ತರ್ತೀನಿ. ಬಿಸ್ಕತ್ತು ಪೂರ್ತಿ ಮುಚ್ಚೋಕೆ ಬೇಕಾದ್ದು ಸೆಟ್ ದೋಸೆ ಹಿಟ್ಟಿನ ಥರ ತಾನೇ ಹರಿದು ಸಮ ಆಗ್ಬೇಕು, ಚಾಕುವಲ್ಲಿ ಒಂದು ಗೀರು ಹಾಕಿ ಎಣಿಸಿದ್ರೆ 10ರಿಂದ 12 ಸೆಕೆಂಡಲ್ಲಿ ಗೀರು ಮಾಯ ಆಗ್ಬೇಕು. ಗೆರೆ ಚುಕ್ಕಿ ಬಳ್ಳಿ ಎಳೆಯೋಕೆ ಬೇಕಾದ್ದು ಗಟ್ಟಿ, ಚಮಚ ಎತ್ತಿದ್ರೆ ತುದಿ ನಿಂತು ಸ್ವಲ್ಪ ತಲೆ ಬಗ್ಗಿಸ್ಬೇಕು, ಬೀಳಬಾರದು. ನೀರನ್ನ ಚಮಚದಲ್ಲಿ ಹಾಕಬೇಡಿ, ಸ್ಪ್ರೇ ಬಾಟ್ಲಲ್ಲಿ ಒಂದೊಂದು ಸಲ ಚಿಮುಕಿಸಿ ಕಲಸಿ ನೋಡಿ. ಕೆಲಸ ಮಾಡ್ತಾ ಇರೋವಾಗ ಬಟ್ಟಲ ಮೇಲೆ ಒದ್ದೆ ಬಟ್ಟೆ ಇರಲೇಬೇಕು, ಎರಡು ನಿಮಿಷ ಬಿಟ್ರೆ ಕೆನೆ ಕಟ್ಟುತ್ತೆ.

ಬಣ್ಣಕ್ಕೆ ಜೆಲ್ ಕಲರೇ ಬೇಕು, ನೀರಿನ ಬಣ್ಣ ಹಾಕಿದ್ರೆ ಹದ ಕೆಡುತ್ತೆ. ಕೆಂಪು, ಕುಂಕುಮ, ಕಪ್ಪು ಇವೆಲ್ಲ ಹಿಂದಿನ ದಿನಾನೇ ಕಲಸಿಡಿ, ರಾತ್ರಿ ಕಳೆಯೋ ಹೊತ್ತಿಗೆ ತಾನೇ ಗಾಢ ಆಗುತ್ತೆ, ಆಗ ಬಣ್ಣ ಕಮ್ಮಿ ಸಾಕು. ಬಣ್ಣ ಸುರಿದು ಸುರಿದು ಕೆಂಪು ಮಾಡಿದ್ರೆ ಕಹಿ ಬರೋದಲ್ದೆ ಪಕ್ಕದ ಬಿಳಿಗೂ ಹರಿಯುತ್ತೆ. ಗೋಲ್ಡ್ ಪೌಡರ್ ಬಗ್ಗೆ ಒಂದು ಮಾತು, ಡಬ್ಬಿ ಮೇಲೆ ನಾನ್ ಟಾಕ್ಸಿಕ್ ಅಂತ ಇದ್ರೆ ತಿನ್ನಬಹುದು ಅಂತ ಅರ್ಥ ಅಲ್ಲ, ಎಡಿಬಲ್ ಅಂತ ಬರೆದಿರ್ಬೇಕು. ಅಂಗಡಿಯವರು ಎರಡೂ ಒಂದೇ ಮೇಡಂ ಅಂತಾರೆ, ಕೇಳಬೇಡಿ.

ಬಿಸ್ಕತ್ತಿಗೆ ಬರೋಣ. ಮೊದಲು ಎಲ್ಲರ ಹಾಗೆ ನಾನೂ ಮೈದಾ ಬಿಸ್ಕತ್ತು ಮಾಡಿ, ಪೂರ್ತಿ ಬಿಳಿ ಐಸಿಂಗ್ ಹರಡಿ, ಅದರ ಮೇಲೆ ಡಿಸೈನ್ ಹಾಕ್ತಿದ್ದೆ. ನೋಡೋಕೆ ಚೆನ್ನಾಗಿರುತ್ತೆ, ತಿನ್ನೋಕೆ ಬರೀ ಸಕ್ಕರೆ. ಹಂಗರಿ ಕಡೆ ಜೇನುತುಪ್ಪ ಹಾಕಿದ ಕಂದು ಜಿಂಜರ್‌ಬ್ರೆಡ್ ಮೇಲೆ ಬಿಳಿ ಗೆರೆಯಲ್ಲೇ ಲೇಸ್ ಥರ ಡಿಸೈನ್ ಹಾಕ್ತಾರೆ, ತಳಕ್ಕೆ ಐಸಿಂಗ್ ಬಳಿಯದೆ ಹಾಗೇ ಬಿಟ್ಟಿರೋದೂ ಎಷ್ಟೋ ಇರುತ್ತೆ, ಅದನ್ನ ನೋಡಿದಾಗ ನನಗೆ ನೆನಪಾಗಿದ್ದು ಸಗಣಿ ಸಾರಿಸಿದ ಅಂಗಳ. ಕಂದು ಬೇಕು ಅಂದ್ರೆ ನಮ್ಮ ಕಡೆ ಜಿಂಜರ್‌ಬ್ರೆಡ್ ಯಾಕೆ, ರಾಗಿ ಇದೆಯಲ್ಲ! ಮೈದಾ 200 ಗ್ರಾಂ, ರಾಗಿ ಹಿಟ್ಟು 100, ಬೆಣ್ಣೆ 200, ಪುಡಿ ಸಕ್ಕರೆ 100. ರಾಗಿ ಹಿಟ್ಟನ್ನ ಘಮ್ ಅನ್ನೋವರೆಗೂ ಹುರಿದು ಪೂರ್ತಿ ಆರಿಸಿ ಹಾಕಿ. ಬರೀ ರಾಗೀಲಿ ಮಾಡ್ತೀನಿ ಅಂದ್ರೆ ಅಂಟು ಇರಲ್ಲ, ಕಟ್ ಮಾಡಿ ಎತ್ತುವಾಗಲೇ ಪುಡಿ ಆಗುತ್ತೆ, ಹಿಟ್ಟು ಬಿರುಕು ಬಿಟ್ರೆ ಒಂದೆರಡು ಚಮಚ ಹಾಲು. ಬೇಕಿಂಗ್ ಪೌಡರ್ ಬೇಡವೇ ಬೇಡ, ಉಬ್ಬಿದ್ರೆ ಮೇಲ್ಭಾಗ ಸಮ ಇರಲ್ಲ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕಟ್ ಮಾಡಿ, ಟ್ರೇ ಸಮೇತ ಫ್ರಿಜ್ಜಲ್ಲಿಟ್ಟು ತಣ್ಣಗಾದ ಮೇಲೆ 170 ಡಿಗ್ರೀಲಿ 12ರಿಂದ 15 ನಿಮಿಷ. ರಾಗಿ ಮೊದಲೇ ಕಂದು ಇರೋದ್ರಿಂದ ಬಣ್ಣ ನೋಡಿ ಬೆಂದಿದ್ಯಾ ಅಂತ ಹೇಳೋಕಾಗಲ್ಲ, ಅಂಚು ಮುಟ್ಟಿ ನೋಡ್ಬೇಕು. ಪೂರ್ತಿ ಬೇಯದೆ ಇದ್ರೆ ಆಮೇಲೆ ಬೆಣ್ಣೆ ಮೇಲೆ ಬಂದು ಬಿಳಿ ಗೆರೆ ಸುತ್ತ ಜಿಡ್ಡಿನ ಕಲೆ ಆಗುತ್ತೆ.

ನಮ್ಮ ಅತ್ತೆ ಮೊದಲ ಸಲ ನೋಡಿದವರು "ಏನಮ್ಮಾ ಇದು, ಬಿಸ್ಕತ್ತಿಗೂ ರಂಗೋಲಿ ಬಿಡ್ತಾ ಕೂತಿದೀಯ?" ಅಂದ್ರು, ಅಂದು ಎರಡು ನಿಮಿಷಕ್ಕೆ ಕನ್ನಡಕ ಹಾಕ್ಕೊಂಡು ಬಂದು ಪಕ್ಕದಲ್ಲಿ ಕೂತು "ಆ ಎಳೆ ಅಲ್ಲಿ ತಿರುಗಬಾರದು, ಕೆಳಗಿಂದ ಬರಬೇಕು" ಅಂತ ಹೇಳ್ಕೊಡೋಕೆ ಶುರು ಮಾಡಿದ್ರು. ಈಗ ನನ್ನ ಡಿಸೈನ್ ಪುಸ್ತಕ ಅಂದ್ರೆ ಅವರೇ.

7 ಸೆಂಟಿಮೀಟರ್ ದುಂಡು ಬಿಸ್ಕತ್ತಿನ ಮೇಲೆ 7ರಿಂದ 4 ಸಂದುಚುಕ್ಕಿ ಇಟ್ರೆ ಚುಕ್ಕಿಗೂ ಚುಕ್ಕಿಗೂ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಅಷ್ಟೇ ಇರುತ್ತೆ. ಚುಕ್ಕೀನ ಮೊದಲು ಸೂಜಿ ಮೊನೇಲಿ ಗುರುತು ಮಾಡ್ಕೊಳ್ಳಿ, ನಡು ಸಾಲು 7, ಆಮೇಲೆ ಮೇಲೂ ಕೆಳಗೂ 6, 5, 4. ಗೆರೆ ಎಳೀವಾಗ ನಾಜಲ್ ಬಿಸ್ಕತ್ತಿಗೆ ತಾಗಿಸಿ ಉಜ್ಜಬಾರದು. ಶುರುವಲ್ಲಿ ಒಮ್ಮೆ ತಾಗಿಸಿ, ಅಂಟ್ಕೊಂಡ ಮೇಲೆ ಒಂದು ಸೆಂಟಿಮೀಟರ್ ಮೇಲಕ್ಕೆ ಎತ್ತಿ ಒತ್ತುತ್ತಾ ಹೋದ್ರೆ ಐಸಿಂಗ್ ದಾರದ ಹಾಗೆ ಗಾಳೀಲಿ ತೂಗುತ್ತೆ, ಅದನ್ನ ಬೇಕಾದ ಕಡೆ ಮಲಗಿಸ್ತಾ ಹೋಗೋದು, ಮುಗಿಸೋ ಜಾಗ ಬರೋಕೆ ಮುಂಚೇನೇ ಒತ್ತೋದು ನಿಲ್ಲಿಸಿ ಇಳಿಸೋದು. ಬಾಗಿಲ ಮುಂದೆ ರಂಗೋಲಿ ಪುಡಿ ಬಿಡೋದೂ ಹೀಗೇ ಅಲ್ವಾ, ನೆಲ ಯಾರೂ ಮುಟ್ಟಲ್ಲ. ಕೈಯಲ್ಲಿ ಒತ್ತೋ ಬಲ ಒಂದೇ ಸಮ ಇರ್ಬೇಕು ಅಂದ್ರೆ ಕೋನ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ನಾನು ಫುಡ್ ಗ್ರೇಡ್ ಶೀಟನ್ನ ಮೆಹೆಂದಿ ಕೋನ್ ಸುತ್ತೋ ರೀತೀಲೇ ಸುತ್ತಿ ತುದಿ ಕತ್ತರಿಸ್ತೀನಿ, ತೀರಾ ಸಣ್ಣ ಗೆರೆಗೆ ಮಾತ್ರ ಸ್ಟೀಲ್ ನಾಜಲ್.

ಎಳೆ ಒಂದರ ಮೇಲೊಂದು ದಾಟೋ ಕಡೆ ಕೆಳಗಿನದು ಒಣಗೋಕೆ ಬಿಡಿ, ಇಲ್ಲಾಂದ್ರೆ ಎರಡೂ ಸೇರಿ ಗಂಟಾಗುತ್ತೆ. ಅದಕ್ಕೇ ಒಂದೊಂದು ಬಿಸ್ಕತ್ತು ಮುಗಿಸ್ತಾ ಹೋಗಲ್ಲ ನಾನು, ಟ್ರೇ ಪೂರ್ತಿ ಮೊದಲ ಎಳೆ ಹಾಕಿ, ಮತ್ತೆ ಶುರುವಿಂದ ಎರಡನೇದು. ಐಸಿಂಗ್ ಹರಡಿದ ಬಿಸ್ಕತ್ತಾದ್ರೆ ರಾತ್ರಿಯೆಲ್ಲ ಒಣಗಿದ ಮೇಲೇ ಮುಂದಿನ ಕೆಲಸ, ಆಗ ಗೆರೆ ಸೊಟ್ಟ ಆದ್ರೂ ಸೂಜೀಲಿ ಕೆರೆದು ತೆಗೆಯಬಹುದು, ತಳಕ್ಕೆ ಏನೂ ಆಗಲ್ಲ. ರಾಗಿ ಮೇಲೆ ಈ ಅನುಕೂಲ ಇಲ್ಲ, ಬಿಳಿ ಒಂದ್ಸಲ ಬಿತ್ತು ಅಂದ್ರೆ ಗುರುತು ಉಳಿಯುತ್ತೆ.

ಬಳ್ಳಿ, ಹೂವು ಬಿಟ್ಟು ಈಗೀಗ ಕಸೂತಿ ಕಡೆ ಹುಚ್ಚು ಹಿಡಿದಿದೆ. ಧಾರವಾಡದ ಕಡೆಯ ಗೋಪುರ, ತೇರು, ತುಳಸಿಕಟ್ಟೆ ಎಲ್ಲ ನೇರ ಗೆರೆ, ಮೆಟ್ಟಿಲು ಗೆರೆಯಲ್ಲೇ ಬರುತ್ತೆ, ಮುರಗಿ ಹೊಲಿಗೆ ಐಸಿಂಗಲ್ಲಿ ಎಳೆಯೋಕೆ ಹೇಳಿ ಮಾಡಿಸಿದ ಹಾಗಿದೆ. ಮೆಂತಿ ಹೊಲಿಗೆ ಮಾತ್ರ ಕಷ್ಟ, ಕತ್ತರಿ ಗುರುತು ಅಷ್ಟು ಒತ್ತೊತ್ತಾಗಿ ಹಾಕೋಕೆ ಹೋದ್ರೆ ಕಣ್ಣು ಹೋಗುತ್ತೆ.

ಒಣಗಿಸೋದಕ್ಕೆ ನಮ್ಮೂರ ಹವಾ ಒಳ್ಳೇದು, ಮಾರ್ಚ್ ಏಪ್ರಿಲಲ್ಲಂತೂ ಫ್ಯಾನ್ ಹಾಕಿಟ್ರೆ ಸಾಕು. ಆದ್ರೆ ಆರ್ಡರ್ ಬರೋದು ಆಗಸ್ಟ್ ಸೆಪ್ಟೆಂಬರಲ್ಲಿ, ವರಮಹಾಲಕ್ಷ್ಮಿ, ಗೌರಿ ಹಬ್ಬ ಅಂತ, ಆಗ ಸೋನೆ ಮಳೆ, ಐಸಿಂಗ್ ಮುಟ್ಟಿದ್ರೆ ಅಂಟಂಟು. ಆ ಸೀಸನ್‌ಗೆ ಅಂತಾನೇ 40 ಡಿಗ್ರೀಲಿ ಓಡೋ, ಬಿಸಿ ಗಾಳೀಲಿ ಒಣಗಿಸೋ ಸಣ್ಣ ಡೀಹೈಡ್ರೇಟರ್ ತಗೊಂಡೆ, ಐಸಿಂಗ್ ಹರಡಿದ ತಕ್ಷಣ ಅದರಲ್ಲಿಟ್ರೆ ಮೇಲ್ಪದರ ಬೇಗ ಗಟ್ಟಿ ಆಗಿ ಹೊಳಪೂ ಬರುತ್ತೆ, ಸಣ್ಣ ಸಣ್ಣ ಜಾಗದಲ್ಲಿ ಐಸಿಂಗ್ ಕುಸಿದು ಗುಂಡಿ ಬೀಳೋದೂ ಕಮ್ಮಿ. ಫ್ರಿಜ್ಜಲ್ಲಿ ಮಾತ್ರ ಇಡಬೇಡಿ, ಹೊರಗೆ ತೆಗೆದಾಗ ನೀರು ಕೂತು ಬಣ್ಣ ಇಳಿಯುತ್ತೆ.

ಬೆಂಗಳೂರಿಗೆ ಕಳಿಸೋದಾದ್ರೆ ಒಂದೊಂದನ್ನೂ ಬೇರೆ ಕವರಲ್ಲಿ ಸೀಲ್ ಮಾಡಿ, ಡಬ್ಬಿಯಲ್ಲಿ ಮಲಗಿಸದೆ ಪಕ್ಕ ಪಕ್ಕ ನಿಲ್ಲಿಸಿ ಜೋಡಿಸ್ತೀನಿ, ಬಸ್ಸು ಎಷ್ಟು ಕುಲುಕಿದ್ರೂ ಒಂದರ ಭಾರ ಇನ್ನೊಂದರ ಮೇಲೆ ಬೀಳಲ್ಲ. ರೇಟ್ ಕೇಳಿ "ಒಂದು ಬಿಸ್ಕತ್ತಿಗೆ ಇಷ್ಟಾ?" ಅನ್ನೋರಿಗೆ ಐಸಿಂಗ್ ಹರಡಿರೋದು ತೋರಿಸಲ್ಲ, ರಾಗೀದು ತೋರಿಸ್ತೀನಿ. ಅದು ಕಮ್ಮಿ ರೇಟು, ಒಣಗೋದು ಬೇಗ, ನನ್ನ ಕೇಳಿದ್ರೆ ರುಚೀನೂ ಅದೇ ಜಾಸ್ತಿ, ಆದ್ರೂ ಹತ್ತರಲ್ಲಿ ಏಳು ಜನ ಬಣ್ಣ ಬಣ್ಣದ್ದೇ ಬೇಕು ಅಂತಾರೆ.