ಆಯಸ್ಸು ಹೆಚ್ಚಿದರೆ ಪಿಂಚಣಿ ಎಷ್ಟು ತಿಂಗಳು ಮುಂದಕ್ಕೆ? ಲೆಕ್ಕ ಹಾಕುವುದು ಹೀಗೆ

1889ರಲ್ಲಿ ಜರ್ಮನಿ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದಾಗ ಅದು ಕೈಗೆ ಸಿಗಲು 70 ವರ್ಷ ತುಂಬಬೇಕಿತ್ತು. ಅಷ್ಟು ಕಾಲ ಬದುಕುವವರೇ ಆಗ ಕಡಿಮೆ. ಈಗ ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಪಿಂಚಣಿ ನಿಧಿಯ ಮೇಲಿನ ಹೊರೆಯೂ ಏರಿದೆ. ಹಾಗಾಗಿ ಡೆನ್ಮಾರ್ಕ್, ನೆದರ್ಲೆಂಡ್ಸ್, ಫಿನ್ಲೆಂಡ್, ಪೋರ್ಚುಗಲ್, ಇಟಲಿಯಂಥ ದೇಶಗಳು ಪಿಂಚಣಿ ವಯಸ್ಸನ್ನು ಜನರ ಆಯಸ್ಸಿಗೇ ಗಂಟು ಹಾಕಿವೆ. ಆ ಗಂಟು ಹಾಕುವ ಬಗೆಯಲ್ಲೇ ನ್ಯಾಯ ಅನ್ಯಾಯ ಎರಡೂ ಅಡಗಿವೆ. ಕಾಗದ, ಪೆನ್ನು ಹಿಡಿದು ಕುಳಿತರೆ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು.

ಮೊದಲು, ಯಾವ ಆಯಸ್ಸು ಎಂದು ಕೇಳಿ. ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸನ್ನು ಇಲ್ಲಿ ಬಳಸಬಾರದು. ಶಿಶುಮರಣ ಇಳಿದರೂ ಆ ಅಂಕಿ ಏರುತ್ತದೆ. ಅದರಿಂದ 65 ದಾಟಿದವರಿಗೆ ಒಂದು ದಿನವೂ ಹೆಚ್ಚು ಸಿಕ್ಕಿರುವುದಿಲ್ಲ. ಇಳಿವಯಸ್ಸಿಗೆ ಬಂದವರಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂಬುದೇ ಸರಿಯಾದ ಅಳತೆ. ಪೋರ್ಚುಗಲ್ 65ನೇ ವಯಸ್ಸಿನಿಂದ, ಡೆನ್ಮಾರ್ಕ್ 60ನೇ ವಯಸ್ಸಿನಿಂದ ಎಣಿಸುತ್ತದೆ.

ನಂತರ, ಹೆಚ್ಚಿದ ವರ್ಷಗಳನ್ನು ಹಂಚಿ. ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಉದಾಹರಣೆಗೆ, ಒಬ್ಬರು 20ಕ್ಕೆ ದುಡಿಮೆ ಶುರುಮಾಡಿ 65ಕ್ಕೆ ನಿಲ್ಲಿಸುತ್ತಾರೆ, 83ರವರೆಗೆ ಬದುಕುತ್ತಾರೆ ಎಂದುಕೊಳ್ಳಿ. ದುಡಿಮೆ 45 ವರ್ಷ, ವಿಶ್ರಾಂತಿ 18 ವರ್ಷ. ಈಗ ಆಯಸ್ಸು ಮೂರು ವರ್ಷ, ಅಂದರೆ 36 ತಿಂಗಳು ಹೆಚ್ಚಿತು. ಅಷ್ಟನ್ನೂ ದುಡಿಮೆಗೇ ಸೇರಿಸಿದರೆ ಪಿಂಚಣಿ ವಯಸ್ಸು 68. ಹೆಚ್ಚಿದ ಬದುಕಿನಲ್ಲಿ ವಿಶ್ರಾಂತಿಗೆ ಒಂದು ದಿನವೂ ಇಲ್ಲ. ಹಳೆಯ ಅನುಪಾತದಲ್ಲೇ ಹಂಚಿದರೆ? 63 ವರ್ಷಗಳಲ್ಲಿ 45 ಎಂದರೆ ಏಳರಲ್ಲಿ ಐದು ಪಾಲು. 36 ತಿಂಗಳಲ್ಲಿ ಸುಮಾರು 26 ತಿಂಗಳು ದುಡಿಮೆಗೆ, ಉಳಿದ 10 ತಿಂಗಳು ವಿಶ್ರಾಂತಿಗೆ.

ನೆದರ್ಲೆಂಡ್ಸ್ ಮೊದಲು ಪೂರ್ತಿ ವರ್ಷವನ್ನೇ ಸೇರಿಸುವ ನಿಯಮ ಮಾಡಿತ್ತು. 2019ರ ಒಪ್ಪಂದದಲ್ಲಿ ಅದನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿತು: ಆಯಸ್ಸು ಒಂದು ವರ್ಷ ಹೆಚ್ಚಿದರೆ ಪಿಂಚಣಿ ಎಂಟು ತಿಂಗಳು ಮುಂದಕ್ಕೆ. ನಮ್ಮ ಲೆಕ್ಕಕ್ಕೆ ಇದು ಬಹಳ ಹತ್ತಿರ. ನನಗೆ ಒಪ್ಪಿಗೆಯಾಗುವುದೂ ಈ ದಾರಿಯೇ.

ಮೂರನೆಯದು, ಮುನ್ಸೂಚನೆ. ಡೆನ್ಮಾರ್ಕ್ ಐದು ವರ್ಷಕ್ಕೊಮ್ಮೆ ವಯಸ್ಸನ್ನು ಪರಿಶೀಲಿಸುತ್ತದೆ, ಬದಲಾವಣೆ ಜಾರಿಯಾಗುವುದು 15 ವರ್ಷ ಕಳೆದ ಮೇಲೆ. ಅಲ್ಲಿ 2025ರ ಮತದಾನದಲ್ಲಿ ಒಪ್ಪಿದ 70ರ ಮಿತಿ 2040ಕ್ಕೆ ಬರಲಿದೆ. 1970ರ ನಂತರ ಹುಟ್ಟಿದವರಿಗೆ ಮಾತ್ರ. 70 ಬಹಳವಾಯಿತು ಎಂದೇ ನನ್ನ ಭಾವನೆ, ಆದರೆ ಸಾಲ ತೀರಿಸಲು, ಉಳಿತಾಯ ಮಾಡಲು ಕಾಲಾವಕಾಶವಂತೂ ಇದೆ. ಬ್ರಿಟನ್‌ನಲ್ಲಿ 1950ರ ದಶಕದಲ್ಲಿ ಹುಟ್ಟಿದ ಅನೇಕ ಮಹಿಳೆಯರಿಗೆ ತಮ್ಮ ಪಿಂಚಣಿ ವಯಸ್ಸು 60ರಿಂದ ಮೇಲೇರಿದ್ದು ತಡವಾಗಿ ತಿಳಿಯಿತು. ಕೆಲಸ ಬಿಡುವ ಹೊಸ್ತಿಲಲ್ಲಿ ನಿಂತವರಿಗೆ ಅದೆಂಥ ಪೆಟ್ಟು!

ಆಯಸ್ಸು ಇಳಿದರೆ ಏನು ಮಾಡಬೇಕು ಎಂಬುದನ್ನೂ ನಿಯಮದಲ್ಲೇ ಬರೆದಿರಬೇಕು. ಕೋವಿಡ್ ಸಾವುಗಳಿಂದ ಆಯಸ್ಸು ಕುಸಿದಾಗ ಪೋರ್ಚುಗಲ್‌ನ ಪಿಂಚಣಿ ವಯಸ್ಸು 66 ವರ್ಷ 7 ತಿಂಗಳಿಂದ 2023ರಲ್ಲಿ 66 ವರ್ಷ 4 ತಿಂಗಳಿಗೆ ಇಳಿಯಿತು.

ಕೊನೆಗೆ, ಸರಾಸರಿಯ ಹಿಂದೆ ಯಾರಿದ್ದಾರೆ ನೋಡಿ. ಮೇಜಿನ ಮುಂದೆ ಕುಳಿತು ದುಡಿದವರ ಮಂಡಿಯೂ ನಲವತ್ತು ವರ್ಷ ಗಾರೆ ಹೊತ್ತವರ ಮಂಡಿಯೂ ಒಂದೇ ಅಲ್ಲ. ಬಡವರ ಆಯಸ್ಸು ಸಿರಿವಂತರಿಗಿಂತ ಕಡಿಮೆ. ಆದರೂ ಸರಾಸರಿ ಏರಿದಾಗ ಇಬ್ಬರೂ ಅಷ್ಟೇ ತಿಂಗಳು ಹೆಚ್ಚು ಕಾಯಬೇಕು. ಇದಕ್ಕೊಂದು ಬಾಗಿಲು ತೆರೆದಿಡಲೇಬೇಕು. ಡೆನ್ಮಾರ್ಕ್‌ನಲ್ಲಿ 2022ರಿಂದ ಅಂಥದ್ದೊಂದಿದೆ: 61 ತುಂಬುವಾಗ ದುಡಿಮೆಯ ಲೆಕ್ಕ 42 ವರ್ಷವಾಗಿದ್ದರೆ ಒಂದು ವರ್ಷ, 43 ಆಗಿದ್ದರೆ ಎರಡು, 44 ಆಗಿದ್ದರೆ ಮೂರು ವರ್ಷ ಮೊದಲೇ ನಿವೃತ್ತಿ. ಹದಿನೇಳಕ್ಕೇ ಇಟ್ಟಿಗೆ ಹೊರಲು ಹೋಗಿ ನಡುವೆ ಬಿಡದೆ ದುಡಿದವರಿಗೆ ಅಲ್ಲಿ ಪೂರ್ತಿ ಮೂರು ವರ್ಷ ಸಿಗುತ್ತದೆ.