ಚಳಿಗಾಲದಲ್ಲಿ ಮಾರಿಕಣಿವೆ ನೀರಿಗೆ ಕಯಾಕ್ ಇಳಿಸುವುದು ಹೇಗೆ?

ಡಿಸೆಂಬರ್ ಕೊನೆಗೆ ಚಿತ್ರದುರ್ಗ, ದಾವಣಗೆರೆ ಕಡೆ ಬೆಳಗಿನ ಚಳಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಅದೇ ಹೊತ್ತಿಗೆ ಮಾರಿಕಣಿವೆಯ, ಅಂದರೆ ವಾಣಿವಿಲಾಸ ಸಾಗರ ಜಲಾಶಯದ, ನೀರಿಗೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಅಷ್ಟು ದೊಡ್ಡ ನೀರು ರಾತ್ರಿ ನಿಧಾನವಾಗಿ ತಣಿಯುತ್ತದೆ, ಗಾಳಿ ಬೇಗ ತಣಿಯುತ್ತದೆ. ಬೆಳಗ್ಗೆ ನೀರಿನ ಮೇಲೆ ಹೊಗೆಯಾಡುವುದೂ ಇದಕ್ಕೇ. ಹಾಗಾಗಿ ‘ನಮ್ಮ ಕಡೆ ಏನು ಮಹಾ ಚಳಿ’ ಅಂತ ಬನಿಯನ್ ಮೇಲೊಂದು ಟೀ ಶರ್ಟ್ ಹಾಕಿಕೊಂಡು ಹೊರಟುಬಿಡುವವರೇ ಜಾಸ್ತಿ. ನಿಜವಾದ ಚಳಿ ಹಿಡಿಯುವುದು ಒದ್ದೆಯಾಗಿ ದೋಣಿ ಮೇಲೆ ಗಾಳಿಗೆ ಕೂತಾಗ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ ಅಲ್ವಾ? ಈ ಗಾಳಿಯನ್ನು ಲೆಕ್ಕಕ್ಕಿಟ್ಟುಕೊಂಡೇ ನಮ್ಮ ತಯಾರಿಯೆಲ್ಲ ನಡೆಯಬೇಕು.

ಹೊರಡುವ ಮೊದಲು

ಮೊದಲು ಅನುಮತಿ. ಜಲಾಶಯ ನೋಡಿಕೊಳ್ಳುವ ನೀರಾವರಿ ಕಚೇರಿಯಲ್ಲಿ ಕೇಳಿ, ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ಹೇಳಿ. ಬೇಡ ಅಂದರೆ ಬೇಡ, ವಾದ ಮಾಡುತ್ತಾ ನಿಲ್ಲಬೇಡಿ.

ಕಯಾಕ್ ಎಂಬ ಈ ಹುಟ್ಟು ಹಾಕುವ ಸಣ್ಣ ದೋಣಿ ನಿಮಗೆ ಹೊಸದಾದರೆ ಸೀದಾ ವಾಣಿವಿಲಾಸ ಸಾಗರಕ್ಕೆ ಹೋಗುವ ಆತುರ ಯಾಕೆ? ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆಯಂಥ ಚಿಕ್ಕ ನೀರಿನಲ್ಲಿ, ಅಲ್ಲೂ ಕೇಳಿಕೊಂಡೇ, ದಡದ ಹತ್ತಿರ ಕೈ ಪಳಗಿಸಿಕೊಳ್ಳಿ. ಸೂಳೆಕೆರೆ ಹೆಸರಿಗೆ ಕೆರೆ ಅಷ್ಟೆ. ಗಾಳಿ ಎದ್ದರೆ ಅದರ ಅಲೆಗಳೂ ಹೊಸಬರನ್ನು ಸುಸ್ತು ಮಾಡಿಸುತ್ತವೆ.

ಒಬ್ಬರೇ ಹೋಗಬೇಡಿ. ಎರಡು ದೋಣಿ ಇರಲಿ, ದಡದಲ್ಲಿ ಒಬ್ಬರು ಕಾಯುತ್ತಿರಲಿ. ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ, ಬರದಿದ್ದರೆ ಯಾವಾಗ 112ಕ್ಕೆ ಫೋನ್ ಮಾಡಬೇಕು ಅಂತ ಅವರಿಗೆ ಹೇಳಿಯೇ ನೀರಿಗಿಳಿಯಿರಿ. ನಿಮ್ಮ ಫೋನನ್ನು ನೀರು ಹೋಗದ ಪೌಚ್‌ಗೆ ಹಾಕಿ ಲೈಫ್ ಜಾಕೆಟ್‌ಗೆ ಕಟ್ಟಿಕೊಳ್ಳಿ. ದೋಣಿಯಲ್ಲಿ ಇಟ್ಟರೆ, ದೋಣಿ ಕೈ ತಪ್ಪಿದಾಗ ಫೋನೂ ಅದರ ಜೊತೆಗೇ ಹೋಗುತ್ತದೆ.

ಬಟ್ಟೆ

ಜೀನ್ಸ್ ಬೇಡ, ಹತ್ತಿ ಬಟ್ಟೆಯೂ ಬೇಡ. ಹತ್ತಿ ನೀರು ಹೀರಿಕೊಂಡು ಮೈಗೆ ಅಂಟಿ ಕೂರುತ್ತದೆ, ಒಣಗುವುದೇ ಇಲ್ಲ. ಅದು ಒಣಗುವಷ್ಟು ಹೊತ್ತೂ ನಿಮ್ಮ ಮೈಯ ಬಿಸಿಯನ್ನೇ ತಿನ್ನುತ್ತದೆ. ಕ್ರಿಕೆಟ್ ಹುಡುಗರು ಹಾಕುವ ಪಾಲಿಯೆಸ್ಟರ್ ಜೆರ್ಸಿ ಇದೆಯಲ್ಲ, ಉದ್ದ ತೋಳಿನದು, ಅದು ಮೈಗೆ ತಾಗಿಕೊಂಡಿರಲಿ. ಅದರ ಮೇಲೆ ತೆಳ್ಳನೆಯ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ತೂರದ ವಿಂಡ್‌ಚೀಟರ್. ಲೈಫ್ ಜಾಕೆಟ್ ಎಲ್ಲಕ್ಕಿಂತ ಮೇಲೆ. ಅದನ್ನು ಬಿಗಿದುಕೊಂಡ ಮೇಲೆ ಜೊತೆಯವರಿಗೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಕಿವಿ ತನಕ ಬಂದರೆ ಸಡಿಲ ಇದೆ ಅಂತ ಅರ್ಥ. ಈಜು ಬರುತ್ತದೆ ಅನ್ನುವವರೂ ಹಾಕಲೇಬೇಕು.

ಇನ್ನೊಂದು ಜೊತೆ ಒಣ ಬಟ್ಟೆ, ಟವೆಲ್, ಕಿವಿ ಮುಚ್ಚುವ ಟೋಪಿ ನೀರು ಹೋಗದ ಡ್ರೈ ಬ್ಯಾಗ್‌ನಲ್ಲಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಮನೆಯಲ್ಲಿದ್ದರೆ ದಡದಲ್ಲಿ ಇಡಿ. ಒದ್ದೆಯಾದರೂ ಉಣ್ಣೆ ಸ್ವಲ್ಪ ಬಿಸಿ ಹಿಡಿಯುತ್ತದೆ ನಿಜ, ಆದರೆ ಕಂಬಳಿ ನೀರು ಕುಡಿದರೆ ಎತ್ತಲಾಗದಷ್ಟು ಭಾರ, ದೋಣಿಗಂತೂ ಬೇಡ.

ದೋಣಿ

ಹೊಸಬರಿಗೆ ಮೇಲೆ ಕೂರುವ ಬಗೆಯ ಕಯಾಕೇ ಒಳ್ಳೆಯದು. ಮಗುಚಿದರೂ ಕಾಲು ಒಳಗೆ ಸಿಕ್ಕಿಕೊಳ್ಳುವುದಿಲ್ಲ, ಮತ್ತೆ ಹತ್ತುವುದೂ ಸುಲಭ. ಆದರೆ ಮೈಯೆಲ್ಲ ಗಾಳಿಗೆ ತೆರೆದಿರುತ್ತದೆ, ಬಟ್ಟೆ ಬಗ್ಗೆ ಅಷ್ಟು ಹೇಳಿದ್ದು ಅದಕ್ಕೇ.

ಗಾಳಿ ತುಂಬುವ ಕಯಾಕ್ ಆದರೆ ಚಳಿಯಲ್ಲಿ ಒಂದು ವಿಷಯ ಗಮನಿಸಿ. ಕಾರಿನ ಡಿಕ್ಕಿಯಿಂದ ತೆಗೆದು ಪಂಪ್ ಹೊಡೆದಾಗ ಗಟ್ಟಿ ಇರುತ್ತದೆ, ತಂಪಾದ ಮೇಲೆ ಒಳಗಿನ ಗಾಳಿ ಕುಗ್ಗಿ ಮೆತ್ತಗಾಗುತ್ತದೆ. ಹತ್ತು ನಿಮಿಷ ನೀರಿನ ಮೇಲೆ ಬಿಟ್ಟು ಬೆರಳಿನಿಂದ ಒತ್ತಿ ನೋಡಿ, ಬೇಕಿದ್ದರೆ ಇನ್ನಷ್ಟು ಹೊಡೆಯಿರಿ. ಇನ್ನು ದಡದ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳು ಚಪ್ಪಲಿ ತೂರಿ ಕಾಲಿಗೆ ಬರುತ್ತದೆ, ಇನ್ನು ರಬ್ಬರ್ ಎಷ್ಟರದ್ದು! ದೋಣಿಯನ್ನು ಎಳೆಯಬೇಡಿ. ಇಬ್ಬರು ಎತ್ತಿಕೊಂಡು ಹೋಗಿ ನೀರಲ್ಲೇ ಇಡಿ.

ಯಾವಾಗ, ಯಾವ ಕಡೆ

ಈ ದಿನಗಳಲ್ಲಿ ಸೂರ್ಯ ಹುಟ್ಟುವುದು 6:45ರ ಸುಮಾರಿಗೆ. ಮಂಜಿದ್ದರೆ ಆಚೆ ದಡ ಕಾಣುವವರೆಗೆ ಕಾಯಿರಿ, ಚಹಾ ಕುಡಿಯಿರಿ. ಬೆಳಗಿನ ಜಾವ ನೀರು ಅಲ್ಲಾಡುವುದೇ ಇಲ್ಲ, ಬಿಸಿಲೇರಿದ ಹಾಗೆ ಗಾಳಿ ಏಳುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿಕೊಳ್ಳಿ, ಜೊತೆಗೆ ತೆಪ್ಪದಲ್ಲಿ ಬಲೆ ಎತ್ತುತ್ತಿರುವ ಮೀನುಗಾರರನ್ನೂ ಕೇಳಿ: ‘ಅಣ್ಣಾ, ಇವತ್ತು ಗಾಳಿ ಎಷ್ಟೊತ್ತಿಗೆ ಏಳುತ್ತೆ?’ ಆ ನೀರಿನ ಮಟ್ಟಿಗೆ ಮೊಬೈಲಿಗಿಂತ ಅವರ ಮಾತೇ ನನಗೆ ಹೆಚ್ಚು.

ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ಬೆನ್ನಿಗಿರಲಿ. ಚಳಿಗಾಲದಲ್ಲಿ ಸಾಮಾನ್ಯವಾಗಿ ಮೂಡಗಾಳಿ. ಮೊದಲು ಗಾಳಿ ತಳ್ಳಿದ ಕಡೆ ಖುಷಿಯಾಗಿ ತೇಲಿಕೊಂಡು ಹೋಗಿ, ಆಮೇಲೆ ತೋಳು ಸೋತ ಹೊತ್ತಲ್ಲಿ ಎದುರುಗಾಳಿಗೆ ಹುಟ್ಟು ಹಾಕುವ ಕಷ್ಟ ಯಾರಿಗೂ ಬೇಡ. ನೀರಿನ ನಡುವೆ ಹೋಗದೆ ದಡದ ಉದ್ದಕ್ಕೇ ಹೋಗಿ. ದೋಣಿ ಬಿಟ್ಟರೂ ಈಜಿ ದಡ ಸೇರುವಷ್ಟು ದೂರ ಸಾಕು. ಅಲೆಯ ತುದಿ ಬೆಳ್ಳಗೆ ಒಡೆಯಲು ಶುರುವಾದರೆ ಅಲ್ಲಿಂದಲೇ ವಾಪಸ್. ಅಲೆಗೆ ದೋಣಿಯ ಮೂತಿ ಕೊಡಿ, ಪಕ್ಕೆ ಕೊಡಬೇಡಿ, ಪಕ್ಕೆಗೆ ಬಡಿದ ಅಲೆಯೇ ಮಗುಚುವುದು.

ಅಣೆಕಟ್ಟು, ಕೋಡಿ, ತೂಬುಗಳ ಹತ್ತಿರ ಸುಳಿಯಲೇಬೇಡಿ. ಸೂಳೆಕೆರೆಯಲ್ಲಿ ಸಿದ್ದನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿವೆ. ನೀರು ಬಿಟ್ಟಾಗ ಮೇಲೆ ಏನೂ ಗೊತ್ತಾಗುವುದಿಲ್ಲ, ಅಡಿಯಲ್ಲಿ ಸೆಳೆತ ಇರುತ್ತದೆ.

ಮಾರಿಕಣಿವೆಯಲ್ಲಿ ಇನ್ನೊಂದು ತೊಂದರೆ. 1907ರಲ್ಲಿ ಮುಗಿದ ಈ ಅಣೆಕಟ್ಟು 130 ಅಡಿ ತುಂಬಿ 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದದ್ದು 2022ರಲ್ಲೇ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ನಡುವಿನ ಅಷ್ಟೂ ವರ್ಷ ಒಣಗಿದ್ದ ಅಂಚಿನ ನೆಲದಲ್ಲಿ ಮರ ಬೆಳೆದಿದ್ದವು, ತೋಟಗಳಿದ್ದವು. ನೀರು ಪೂರ್ತಿ ಏರಿದಾಗ ಹಿನ್ನೀರಿನ ಅಂಚಿನಲ್ಲಿ ಒಣಗಿದ ಕೊಂಬೆಗಳು ಒಂದು ಗೇಣು ಕೆಳಗೇ ಇರುತ್ತವೆ. ಅಲ್ಲಿ ನಿಧಾನ. ಥರ್ಮಾಕೋಲ್ ತುಂಡೋ ಖಾಲಿ ಬಾಟಲಿಯೋ ಸಾಲಾಗಿ ತೇಲುತ್ತಿದ್ದರೆ ಅಡಿಯಲ್ಲಿ ಬಲೆ ಇದೆ, ಸುತ್ತಿಕೊಂಡು ಹೋಗಿ.

ಮಗುಚಿದರೆ

ಇದನ್ನು ಮೊದಲೇ ಕಲಿಯಬೇಕು, ಮಧ್ಯಾಹ್ನದ ಬಿಸಿಲಲ್ಲಿ, ಎದೆಮಟ್ಟದ ನೀರಲ್ಲಿ, ಸಾಕು ಅನ್ನಿಸುವವರೆಗೆ ಬೀಳಬೇಕು. ಹುಟ್ಟು ಮತ್ತು ದೋಣಿ ಎರಡನ್ನೂ ಬಿಡಬೇಡಿ. ಬಿದ್ದ ತಕ್ಷಣ ಉಸಿರು ಮೇಲಕ್ಕೆ ಎಳೆದಂತಾಗುತ್ತದೆ, ಅದು ಹದಕ್ಕೆ ಬರುವವರೆಗೆ ದೋಣಿ ಹಿಡಿದು ತೇಲುತ್ತಿರಿ. ಆಮೇಲೆ ಬೋರಲಾದ ದೋಣಿಯ ಮೇಲಿಂದ ಕೈ ಚಾಚಿ ಆಚೆ ಅಂಚನ್ನು ಹಿಡಿದು ನಿಮ್ಮ ಕಡೆ ಎಳೆಯಿರಿ, ನೆಟ್ಟಗಾಗುತ್ತದೆ. ಈಗ ನಡುಭಾಗಕ್ಕೆ ಬನ್ನಿ. ಇಲ್ಲಿ ಎಲ್ಲರೂ ಮಾಡುವುದು ಒಂದೇ: ಗೋಡೆ ಹತ್ತುವವರ ಹಾಗೆ ನೇರ ನಿಂತು ಎಗರುತ್ತಾರೆ, ದೋಣಿ ಮತ್ತೆ ಮೈಮೇಲೆ ಬೀಳುತ್ತದೆ. ಕಾಲುಗಳನ್ನು ಹಿಂದಕ್ಕೆ ನೀರಿನ ಮೇಲ್ಮೈಗೆ ತಂದು ಈಜುವಂತೆ ಜೋರಾಗಿ ಬಡಿಯಿರಿ, ಅದೇ ರಭಸದಲ್ಲಿ ಹೊಟ್ಟೆಯನ್ನು ದೋಣಿಗೆ ಅಡ್ಡಲಾಗಿ ಜಾರಿಸಿ. ಹೊಟ್ಟೆ ಮೇಲೆ ಬಂತಾ? ಉರುಳಿ ಅಂಡು ಊರಿ, ಕೊನೆಗೆ ಕಾಲು ಒಳಗೆ. ಎರಡನೇ ದೋಣಿಯವರು ಆ ಕಡೆಯಿಂದ ಅಂಚು ಒತ್ತಿ ಹಿಡಿದರೆ ಅರ್ಧ ಕೆಲಸ ಆಯಿತು.

ಎರಡು ಮೂರು ಸಲಕ್ಕೂ ಆಗದಿದ್ದರೆ ಸುಮ್ನೆ ಶಕ್ತಿ ಕಳೆಯಬೇಡಿ. ದೋಣಿ ಹಿಡಿದು, ಮಂಡಿ ಎದೆಗೆ ಮಡಚಿ, ವಿಷಲ್ ಊದುತ್ತಾ ಕಾಯಿರಿ. ಅಷ್ಟೇ ಬಿಸಿಯ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಬೆಚ್ಚಗಿದೆ ಅಂದುಕೊಂಡ ನೀರಲ್ಲೂ ಹೊತ್ತಾದರೆ ನಡುಕ ಬರುತ್ತದೆ.

ದಡಕ್ಕೆ ಬಂದ ಮೇಲೆ

ಹಲ್ಲು ಕಟಕಟ ಅನ್ನುವುದು, ಜಿಪ್ ಎಳೆಯಲು ಬೆರಳು ಮಾತು ಕೇಳದಿರುವುದು, ಇವು ಆಟ ನಿಲ್ಲಿಸಿ ಅನ್ನುವ ಗುರುತುಗಳು. ಮಾತು ತೊದಲುತ್ತಿದ್ದರೆ, ನಡುಗುತ್ತಿದ್ದವರು ಮಂಕಾಗಿ ಸುಮ್ಮನಾದರೆ ತಡ ಮಾಡದೆ ಆಸ್ಪತ್ರೆಗೆ. ಮೊದಲು ಒದ್ದೆ ಬಟ್ಟೆ ಬಿಚ್ಚಿಸಿ, ಒರೆಸಿ, ಒಣ ಬಟ್ಟೆ, ಅದರ ಮೇಲೆ ಕಂಬಳಿ. ಕೈಕಾಲು ತಿಕ್ಕಬೇಡಿ. ಎಚ್ಚರವಾಗಿದ್ದು ಸರಿಯಾಗಿ ನುಂಗುವ ಹಾಗಿದ್ದರೆ ಮಾತ್ರ ಸಕ್ಕರೆ ಜಾಸ್ತಿ ಹಾಕಿದ ಬಿಸಿ ಚಹಾ, ಶೇಂಗಾ ಚಿಕ್ಕಿ. ‘ಚಳಿಗೆ ಒಂದು ಪೆಗ್’ ಅನ್ನುವ ಗೆಳೆಯ ಎಲ್ಲ ಗುಂಪಲ್ಲೂ ಇರುತ್ತಾನೆ. ಎಣ್ಣೆ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಬೆಚ್ಚಗೆ ಅನ್ನಿಸುತ್ತದೆ, ಒಳಗಿನ ಬಿಸಿ ಮಾತ್ರ ಹೊರಗೆ ಹೋಗುತ್ತದೆ. ನೀರಿಗಿಳಿಯುವ ಮೊದಲಂತೂ ಅದರ ಮಾತೇ ಬೇಡ.

ಕೊನೆಗೆ ದೋಣಿ. ಗಾಳಿ ತುಂಬಿದ ಕಯಾಕನ್ನು ಹಾಗೇ ಬಿಸಿಲಲ್ಲಿ ಬಿಟ್ಟು ತಿಂಡಿಗೆ ಹೋಗಬೇಡಿ. ಬೆಳಗ್ಗೆ ತಂಪಲ್ಲಿ ಎರಡನೇ ಸಲ ಪಂಪ್ ಹೊಡೆದಿದ್ದೀರಲ್ಲ, ಹತ್ತು ಗಂಟೆ ಬಿಸಿಲಿಗೆ ಅದೇ ಗಾಳಿ ಹಿಗ್ಗಿ ಹೊಲಿಗೆ ಬಿಚ್ಚಿಸಬಹುದು. ಸ್ವಲ್ಪ ಗಾಳಿ ಬಿಟ್ಟು, ಒರೆಸಿ, ನೆರಳಲ್ಲಿ ಒಣಗಿಸಿ ಮಡಚಿ.