‘ಗಿಂತ’ದ ರೂಢಿಯೂ ಇಂಗ್ಲಿಷಿನ ಹೋಲಿಕೆಯ ರೂಪಗಳೂ

ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ವೇ ಹೊರುತ್ತದೆ. ‘ಕುದುರೆಮುಖಕ್ಕಿಂತ ಮುಳ್ಳಯ್ಯನಗಿರಿ ಎತ್ತರ’ ಎಂದರೂ ‘ಎಲ್ಲಕ್ಕಿಂತ ಎತ್ತರ’ ಎಂದರೂ ‘ಎತ್ತರ’ ಎಂಬ ಪದ ಇದ್ದಂತೆಯೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಒಂದನ್ನೇ ಸೇರಿಸಿದರೆ ಸಾಲದು, ಗುಣವಾಚಕವೂ ರೂಪ ಬದಲಿಸಬೇಕು: ಹೈ, ಹೈಯರ್, ಹೈಯೆಸ್ಟ್. ನಮ್ಮ ಮಕ್ಕಳು ‘ಹೈ ದ್ಯಾನ್’ ಎಂದು ಬರೆಯುವುದು ತಾಯ್ನುಡಿಯ ಈ ರೂಢಿಯಿಂದಲೇ ಎಂದು ನನಗನ್ನಿಸುತ್ತದೆ. ಆದ್ದರಿಂದ ತಿದ್ದುವಾಗ ಈ ವ್ಯತ್ಯಾಸವನ್ನೇ ಮೊದಲು ತೋರಿಸಬೇಕು.

ರೂಪಗಳ ನಿಯಮ ಸರಳವಾಗಿದೆ. ಟಾಲ್, ಸ್ಮಾಲ್ ಮುಂತಾದ ಒಂದೇ ಉಚ್ಚಾರಾಂಶದ ಪದಗಳಿಗೆ ‘ಅರ್’, ‘ಎಸ್ಟ್’ ಸೇರುತ್ತವೆ. ಈಸಿ, ಹ್ಯಾಪಿ ಮುಂತಾದವುಗಳಲ್ಲಿ ಕೊನೆಯ ‘ವೈ’ ಅಕ್ಷರ ‘ಐ’ ಆಗಿ ಈಸಿಯರ್, ಈಸಿಯೆಸ್ಟ್ ಎಂದಾಗುತ್ತದೆ. ಬ್ಯೂಟಿಫುಲ್, ಡಿಫಿಕಲ್ಟ್‌ನಂತಹ ಉದ್ದನೆಯ ಪದಗಳಿಗೆ ಮೊದಲು ‘ಮೋರ್’, ‘ಮೋಸ್ಟ್’ ಬರುತ್ತವೆ. ಗುಡ್, ಬೆಟರ್, ಬೆಸ್ಟ್ ಮತ್ತು ಬ್ಯಾಡ್, ವರ್ಸ್, ವರ್ಸ್ಟ್ ಇವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಎರಡು ಗುರುತುಗಳು ಒಟ್ಟಿಗೆ ಬರಬಾರದು. ‘ಮೋರ್ ಬೆಟರ್’ ತಪ್ಪು. ‘ಬಹಳ ವಾಸಿ’ ಎನ್ನುವ ಅರ್ಥ ಬೇಕಿದ್ದರೆ ‘ಮಚ್ ಬೆಟರ್’ ಎನ್ನಬೇಕೇ ಹೊರತು ‘ವೆರಿ ಬೆಟರ್’ ಎನ್ನುವಂತಿಲ್ಲ.

ಹೆಚ್ಚಿನವರು ಎಡವುವುದು ‘ಎನಿ ಅದರ್’ ಪ್ರಯೋಗದಲ್ಲಿ. ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯಂತ ಎತ್ತರದ ಶಿಖರವಾದ್ದರಿಂದ ‘ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’ ಎನ್ನುತ್ತೇವೆ. ಅದನ್ನೇ ‘ದ್ಯಾನ್’ ಬಳಸಿ ಹೇಳುವಾಗ ‘ಹೈಯರ್ ದ್ಯಾನ್ ಎನಿ ಅದರ್ ಪೀಕ್ ಇನ್ ಕರ್ನಾಟಕ’ ಎನ್ನಬೇಕು, ಏಕೆಂದರೆ ‘ಅದರ್’ ಬಿಟ್ಟರೆ ಕರ್ನಾಟಕದ ಶಿಖರಗಳಲ್ಲಿ ಒಂದಾದ ಅದು ತನಗಿಂತ ತಾನೇ ಎತ್ತರವೆಂದು ಹೇಳಿದಂತಾಗುತ್ತದೆ. ಆದರೆ 2,695 ಮೀಟರ್ ಎತ್ತರದ ಆನಮುಡಿ ಕೇರಳದ್ದು. ಅದು ಕರ್ನಾಟಕದ ಶಿಖರಗಳ ಗುಂಪಿಗೆ ಸೇರದ ಕಾರಣ ‘ಆನಮುಡಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ’ ಎಂಬುದೇ ಸರಿ. ಇಲ್ಲಿ ‘ಅದರ್’ ಸೇರಿಸಿದರೆ ತಪ್ಪಾಗುತ್ತದೆ. ಹೋಲಿಸುವ ವಸ್ತು ಆ ಗುಂಪಿನ ಒಳಗಿದೆಯೋ ಹೊರಗಿದೆಯೋ ಎಂದು ಒಮ್ಮೆ ಕೇಳಿಕೊಂಡರೆ ಸಂದೇಹ ಉಳಿಯುವುದಿಲ್ಲ.

‘ಮೈಸೂರಿಗಿಂತ ಬೆಂಗಳೂರಿನ ಜನಸಂಖ್ಯೆ ಹೆಚ್ಚು’ ಎಂಬ ಕನ್ನಡ ವಾಕ್ಯ ಯಾರಿಗೂ ಕೊರತೆಯೆನಿಸುವುದಿಲ್ಲ. ಇಂಗ್ಲಿಷಿನಲ್ಲಿ ಜನಸಂಖ್ಯೆಯನ್ನು ಜನಸಂಖ್ಯೆಯೊಡನೆಯೇ ಹೋಲಿಸಬೇಕಾದ್ದರಿಂದ ‘ದ ಪಾಪ್ಯುಲೇಷನ್ ಆಫ್ ಬೆಂಗಳೂರು ಈಸ್ ಲಾರ್ಜರ್ ದ್ಯಾನ್ ದ್ಯಾಟ್ ಆಫ್ ಮೈಸೂರು’ ಎಂದು ಬರೆಯಬೇಕು; ‘ದ್ಯಾಟ್ ಆಫ್’ ಬಿಟ್ಟರೆ ಜನಸಂಖ್ಯೆಯನ್ನು ಊರಿನೊಡನೆ ಹೋಲಿಸಿದಂತಾಗುತ್ತದೆ.

‘ಒನ್ ಆಫ್ ದ ಬೆಸ್ಟ್’ ಎಂದ ಮೇಲೆ ನಾಮಪದ ಬಹುವಚನದಲ್ಲಿರಬೇಕು: ‘ಒನ್ ಆಫ್ ದ ಬೆಸ್ಟ್ ಸ್ಟೂಡೆಂಟ್ಸ್’. ಇನ್ನು ಕಚೇರಿಗಳಲ್ಲಿ ದಿನವೂ ಕೇಳುವ ‘ಅವರು ನನಗಿಂತ ಸೀನಿಯರ್’ ಎಂಬ ಮಾತನ್ನು ಇಂಗ್ಲಿಷಿಗೆ ತರುವಾಗ ಸೀನಿಯರ್, ಜೂನಿಯರ್ ಪದಗಳ ನಂತರ ‘ದ್ಯಾನ್’ ಬಾರದೆ ‘ಟು’ ಬರುತ್ತದೆ: ‘ಶಿ ಈಸ್ ಸೀನಿಯರ್ ಟು ಮಿ’.